ಡೇರೆ ಕೊಳ್ಳುವಾಗ ಮೊದಲು ನೆಲ ನೋಡಿ

ಅಂಗಡಿಯಲ್ಲಿ ಜೋಡಿಸಿಟ್ಟ ಡೇರೆಯ ಚೀಲದ ಮೇಲೆ ‘4 ಜನರಿಗೆ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಗಂಡ, ಹೆಂಡತಿ, ಎರಡು ಮಕ್ಕಳು. ಲೆಕ್ಕ ಸರಿಹೋಯಿತು ಎಂದು ಬಹಳಷ್ಟು ಮಂದಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಚೀಲದ ಇನ್ನೊಂದು ಬದಿ ತಿರುಗಿಸಿದರೆ ಒಳಗಿನ ಅಳತೆ ಸಿಗುತ್ತದೆ. ಸಾಮಾನ್ಯವಾಗಿ ಅಗಲ 240 ಸೆಂಟಿಮೀಟರ್, ಉದ್ದ 210. ಅಗಲವನ್ನು ನಾಲ್ಕರಿಂದ ಭಾಗಿಸಿದರೆ ಒಬ್ಬರ ಪಾಲಿಗೆ 60 ಸೆಂ.ಮೀ., ಅಂದರೆ ಎರಡೇ ಅಡಿ. ಮನೆಯ ಒಂಟಿ ಮಂಚವೇ ಮೂರು ಅಡಿ ಇರುತ್ತದೆ. ಆ ಎರಡಡಿ ಬೆಟ್ಟ ಹತ್ತಿ ದಣಿದು ಮಲಗುಚೀಲದೊಳಗೆ ಅಲುಗಾಡದೆ ನಿದ್ದೆಹೋಗುವ ಚಾರಣಿಗನ ಲೆಕ್ಕ. ಮೂರು ವರ್ಷದ ಮಗು ಹಾಗೆ ಮಲಗುವುದಿಲ್ಲ. ನಡುರಾತ್ರಿಗೆ ಅಪ್ಪನ ಎದೆಯ ಮೇಲೆ ಕಾಲು ಹಾಕಿ, ಬೆಳಗಿನ ಜಾವಕ್ಕೆ ದಿಂಬಿದ್ದ ಕಡೆ ಪಾದ ಇಟ್ಟಿರುತ್ತದೆ.

ಚಿಕ್ಕ ಮಕ್ಕಳಿರುವ ಸಂಸಾರಗಳು ಡೇರೆ ಕೊಂಡು ಹೊರಡುವುದು ಈಚಿನ ವರ್ಷಗಳಲ್ಲಿ ನಮ್ಮಲ್ಲೂ ಹೆಚ್ಚಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಶುಕ್ರವಾರ ಸಂಜೆ ಕಾರು ಹತ್ತಿ ಸಕಲೇಶಪುರದ ತೋಟಕ್ಕೋ, ಶರಾವತಿಯ ಹಿನ್ನೀರಿಗೋ, ಕಾರವಾರದ ಕಡಲಂಚಿಗೋ ಹೋಗುವವರು ಬಹಳ. ನನಗೆ ಇದು ನಿಜಕ್ಕೂ ಸಂತೋಷದ ವಿಷಯ. ನಾಲ್ಕನೇ ಮಹಡಿಯಲ್ಲಿ ಬೆಳೆಯುವ ಮಗು ಇಬ್ಬನಿಯಲ್ಲಿ ಬರಿಗಾಲಲ್ಲಿ ನಡೆಯಬೇಕು, ನಿಜವಾದ ಕತ್ತಲು ಹೇಗಿರುತ್ತದೆ ಎಂದು ನೋಡಬೇಕು. ಅದಕ್ಕೆ ರೆಸಾರ್ಟಿನ ಬಾಡಿಗೆ ತೆರಲೇಬೇಕು ಅಂತೇನಿಲ್ಲ. ಆದರೆ ಮೊದಲ ರಾತ್ರಿಯೇ ಮಗು ಒದ್ದೆಯಾಗಿ, ನಡುಗಿ, ಅತ್ತು ಬೆಳಗು ಮಾಡಿದರೆ ಆ ಡೇರೆ ಅಟ್ಟ ಸೇರುತ್ತದೆ, ಮತ್ತೆ ಕೆಳಗಿಳಿಯುವುದಿಲ್ಲ. ಹೀಗೆ ಅಟ್ಟ ಸೇರಿದ ಡೇರೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವು ಅಗ್ಗದವೇನಲ್ಲ. ಬೇರೆ ಯಾರದೋ ಅಗತ್ಯಕ್ಕೆ, ಬೇರೆ ಯಾವುದೋ ಹವೆಗೆ ತಯಾರಾದವು.

ನನ್ನ ಮಾತು ಇಷ್ಟೇ: ಡೇರೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಕೊಳ್ಳಬೇಕು. ಮೊದಲು ನೆಲ, ಆಮೇಲೆ ಗಾಳಿ, ಆಮೇಲೆ ಜಾಗ. ಮಳೆ ಕೊನೆಗೆ. ಅಂಗಡಿಯವರು ಇದನ್ನು ತಲೆಕೆಳಗಾಗಿ ಹೇಳುತ್ತಾರೆ. ಮೊದಲು ಮಳೆಯ ಮಾತು, ಕೊನೆಗೆ, ಕೇಳಿದರೆ ಮಾತ್ರ, ನೆಲದ ಮಾತು.

ಹೊಲಿದ ನೆಲ ಯಾಕೆ ಬೇಕು

ನೆಲ ಎಂದರೆ ಡೇರೆಯ ತಳದ ಬಟ್ಟೆ. ಅದು ಒಳಗೋಡೆಗೆ ಸುತ್ತಲೂ ಹೊಲಿದು ಒಂದೇ ಆಗಿರಬೇಕು, ಅಂಚು ನೆಲದಿಂದ ನಾಲ್ಕಾರು ಬೆರಳಾದರೂ ಮೇಲಕ್ಕೆ ಏರಿರಬೇಕು. ಬಿಸಿಲಿಗೆ ನೆರಳು ಮಾಡಿಕೊಳ್ಳುವ ಅಗ್ಗದ ಬೀಚ್ ಡೇರೆಗಳಲ್ಲಿ ಹಲವಕ್ಕೆ ಈ ಏರಿದ ಅಂಚಿಲ್ಲ, ಕೆಲವಕ್ಕೆ ಬಾಗಿಲ ಕಡೆ ನೆಲವೇ ತೆರೆದಿರುತ್ತದೆ. ರಾತ್ರಿ ಮಲಗಲು ಅವು ಬೇಡವೇ ಬೇಡ.

ಇದು ಸುಖದ ವಿಷಯವಲ್ಲ, ಜೀವದ ವಿಷಯ. ನಮ್ಮ ನಾಡಿನ ಅತಿ ವಿಷದ ಹಾವುಗಳಲ್ಲಿ ಒಂದಾದ ಕಡಂಬಳ, ಕಟ್ಟುಹಾವು ಎಂದೂ ಕರೆಯುತ್ತಾರಲ್ಲ, ಅದು ಇರುಳಲ್ಲಿ ತಿರುಗುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚಿದ ಉದಾಹರಣೆಗಳು ಭಾರತದಾದ್ಯಂತ ಇವೆ. ಕಚ್ಚಿದ್ದು ನೋಯದೆ, ಗುರುತೂ ಉಳಿಯದೆ ಹೋಗುವುದುಂಟು. ಹಳ್ಳಿಗಳಲ್ಲಿ ಮಲಗುವಾಗ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಎಂದು ವೈದ್ಯರು ಹೇಳುವುದರಲ್ಲಿ ಈ ಕಾರಣವೂ ಇದೆ. ಹೊಲಿದ ನೆಲ, ಕೊನೆಯವರೆಗೆ ಎಳೆದ ಜಿಪ್ಪು: ಡೇರೆಯಲ್ಲಿ ಅದೇ ಕೆಲಸ ಮಾಡುವುದು ಇವೆರಡು. ಹೊರಗಡೆ ಬಿಟ್ಟ ಚಪ್ಪಲಿ, ಬೂಟುಗಳನ್ನು ಬೆಳಿಗ್ಗೆ ಕೊಡವದೆ ಮಕ್ಕಳಿಗೆ ಹಾಕಬಾರದು ಎಂಬುದೂ ಇದರ ಜತೆಗೇ ಸೇರಿದ ಮಾತು.

ಮಲೆನಾಡಿನಲ್ಲಿ ಇನ್ನೊಂದು ಜೀವಿಯನ್ನು ನೆನೆಯಬೇಕು: ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅದು ಇಂದಿಗೂ ಇದೆ. ಅದರ ಕಾಲ ಚಳಿಗಾಲದಿಂದ ಬೇಸಿಗೆಯ ತನಕ, ಅಂದರೆ ನಾವು ಡೇರೆ ಹೊತ್ತು ಹೊರಡುವ ಕಾಲವೇ. ರೋಗ ತಗುಲಿಸುವ ಉಣುಗಿನ ಮರಿ ಕಣ್ಣಿಗೆ ಸುಲಭವಾಗಿ ಬೀಳದಷ್ಟು ಸಣ್ಣದು. ಒಣಗಿದ ಎಲೆಗಳ ಮೇಲೆ ಚಾಪೆ ಹಾಸಿ ಕೂತರೆ ಮೈಗೆ ಹತ್ತುತ್ತದೆ. ಹಾಗಾಗಿ ತರಗೆಲೆ ಗುಡಿಸಿದ ಜಾಗದಲ್ಲಿ, ಹೊಲಿದ ನೆಲದ ಡೇರೆಯಲ್ಲಿ ಮಲಗುವುದು. ಸಂಜೆ ಮಕ್ಕಳ ಮೈ, ಕಿವಿಯ ಹಿಂದೆ, ಕಂಕುಳು ನೋಡುವುದು. ಆ ವರ್ಷ ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಅಲ್ಲಿಗೆ ಹೋಗದಿರುವುದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಫೋನು ಮಾಡಿಯೇ ತಿಳಿದುಕೊಳ್ಳಬಹುದು.

ತಳದ ಬಟ್ಟೆಯ ಗುಣ ನೋಡುವುದು ಕಷ್ಟವಲ್ಲ. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 2000 ಮಿ.ಮೀ. ಎಂದರೆ ಬಟ್ಟೆಯ ಮೇಲೆ ಎರಡು ಮೀಟರ್ ಎತ್ತರ ನೀರು ನಿಲ್ಲಿಸಿದರೂ ತೊಟ್ಟಿಕ್ಕುವುದಿಲ್ಲ ಎಂದರ್ಥ. ಮೇಲ್ಹೊದಿಕೆಗೆ ಇದಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೆ, ಮಳೆಹನಿ ಒತ್ತುವುದಿಲ್ಲ, ಜಾರಿಹೋಗುತ್ತದೆ. ಒತ್ತುವವರು ನಾವು. ಮಗುವಿನ ಬಟ್ಟೆ ಬದಲಿಸಲು ಅಮ್ಮ ಮಂಡಿಯೂರಿದಾಗ ಅಷ್ಟೂ ಭಾರ ಎರಡು ಮಂಡಿಚಿಪ್ಪಿನಡಿ ಬೀಳುತ್ತದೆ. ಕೆಳಗಿನ ಹಸಿನೆಲದ ನೀರು ಅಲ್ಲಿ ಮೇಲಕ್ಕೆ ಜಿನುಗುತ್ತದೆ. ಆದ್ದರಿಂದ ತಳಕ್ಕೆ 3000ದ ಸುತ್ತ ಇರುವುದನ್ನು ಆರಿಸಿಕೊಳ್ಳಿ. ಇಲ್ಲವೇ ತಳ ನೇಯ್ದ ಪ್ಲಾಸ್ಟಿಕ್ಕಿನದಾಗಿರಲಿ, ಅಡಿಕೆ, ಕಾಫಿ ಒಣಗಿಸುವ ಟಾರ್ಪಾಲಿನ ಜಾತಿಯದು. ಅದು ಭಾರ, ಮಡಿಸಲು ಒರಟು, ಆದರೆ ಮಕ್ಕಳ ಕಾಲ್ತುಳಿತಕ್ಕೆ ಅದಕ್ಕಿಂತ ಗಟ್ಟಿಯಾದದ್ದಿಲ್ಲ. ಇನ್ನು ಚೀಲದ ಮೇಲೆ ‘190ಟಿ’, ‘210ಟಿ’ ಎಂದು ಇರುತ್ತದಲ್ಲ, ಅದು ನೂಲು ಎಷ್ಟು ಒತ್ತಾಗಿದೆ ಎಂಬ ಲೆಕ್ಕ ಮಾತ್ರ. ನೀರಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ಡೇರೆಯಡಿ ಇನ್ನೊಂದು ಟಾರ್ಪಾಲು ಹಾಸುವುದು ಒಳ್ಳೆಯದು, ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಒಂದು ಎಚ್ಚರ ಬೇಕು. ಆ ಟಾರ್ಪಾಲು ಡೇರೆಗಿಂತ ಎಲ್ಲ ಬದಿಯಲ್ಲೂ ಒಂದು ಗೇಣು ಒಳಗಿರಬೇಕು. ಹೊರಗೆ ಚಾಚಿದರೆ ಮೇಲಿಂದ ಜಾರಿದ ನೀರನ್ನು ಅದೇ ಹಿಡಿದು ಡೇರೆಯ ಅಡಿಗೆ ಸಾಗಿಸುತ್ತದೆ.

ಮಲಗುವ ಹಾಸು ಇನ್ನೊಂದು ಸಂಗತಿ. ಚಳಿ ಮೇಲಿನಿಂದ ಬರುತ್ತದೆ ಎಂದು ನಾವು ಎರಡೆರಡು ಕಂಬಳಿ ಹೊದಿಸುತ್ತೇವೆ, ಬರುವುದು ಕೆಳಗಿನಿಂದ. ಮೈಭಾರಕ್ಕೆ ಅಮುಕಿದ ರಜಾಯಿ ಶಾಖ ತಡೆಯುವುದಿಲ್ಲ, ನೆಲ ಅದನ್ನು ಹೀರಿಕೊಳ್ಳುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಫೋಮ್ ಚಾಪೆ, ಅದರ ಮೇಲೆ ಮನೆಯ ಜಮಖಾನ ಇದ್ದರೆ ನಮ್ಮ ಮಲೆನಾಡಿನ ಡಿಸೆಂಬರಿಗೆ ಸಾಕು. ಗಾಳಿ ತುಂಬುವ ಹಾಸಿಗೆ ದೊಡ್ಡವರ ಬೆನ್ನಿಗೆ ಹಿತ. ವರ್ಷ ತುಂಬದ ಕೂಸನ್ನು ಮಾತ್ರ ಅದರ ಮೇಲೆ ಮಲಗಿಸಬೇಡಿ. ಅಷ್ಟು ಸಣ್ಣ ಕೂಸಿಗೆ ಗಟ್ಟಿಯಾದ ಸಮತಟ್ಟು ಹಾಸು ಬೇಕು, ದಿಂಬು ಬೇಡ, ಅಂಗಾತ ಮಲಗಿಸಬೇಕು, ಮುಖದ ಹತ್ತಿರ ಸಡಿಲ ಹೊದಿಕೆ ಇರಬಾರದು. ಮನೆಯ ನಿಯಮ ಕಾಡಿನಲ್ಲಿ ಸಡಿಲವಾಗುವುದಿಲ್ಲ.

ಸೋರಿಕೆಯಲ್ಲ, ಉಸಿರು

ಆನ್‌ಲೈನಿನಲ್ಲಿ ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಡೇರೆಗಳ ಬಗ್ಗೆ ‘ಮಳೆಯಿಲ್ಲದ ರಾತ್ರಿಯೂ ಸೋರಿತು’ ಎಂದು ಹೇಳುವವರನ್ನು ಕೇಳಿದ್ದೇನೆ. ಸೋರಿದ್ದಲ್ಲ. ಅವು ಹೆಚ್ಚಾಗಿ ಒಂದೇ ಪದರದವು. ಮಲಗಿದ ಮನುಷ್ಯ ಉಸಿರು, ಬೆವರಿನಲ್ಲಿ ರಾತ್ರಿಗೆ ಒಂದು ಲೋಟದಷ್ಟು ನೀರನ್ನಾದರೂ ಹೊರಹಾಕುತ್ತಾನೆ. ನಾಲ್ವರದು ಸೇರಿದರೆ ಬೆಳಗಾಗುವಾಗ ಒಂದು ಲೀಟರಿನ ಹತ್ತಿರ. ಹೊರಗಿನ ಚಳಿಗೆ ತಣ್ಣಗಾದ ಬಟ್ಟೆಗೆ ಆ ಆವಿ ತಾಗಿ, ತಣ್ಣೀರಿನ ತಂಬಿಗೆಯ ಹೊರಮೈ ಬೆವರುವ ಹಾಗೆ ಡೇರೆಯ ಒಳಮೈ ಬೆವರುತ್ತದೆ. ಮಗು ತಿರುಗಿ ಮಲಗುವಾಗ ಬಟ್ಟೆಗೆ ಕೈ ತಾಗಿದರೆ ಹನಿಗಳು ಮೈಮೇಲೆ.

ಪರಿಹಾರ ಜೋಡುಪದರದ ಡೇರೆ. ಒಳಗೆ ಉಸಿರಾಡುವ ತೆಳುಬಟ್ಟೆ ಮತ್ತು ಸೊಳ್ಳೆಜಾಲರಿ. ಹೊರಗೆ, ನಾಲ್ಕು ಬೆರಳು ಅಂತರ ಬಿಟ್ಟು, ನೀರು ತಡೆಯುವ ಹೊದಿಕೆ. ಆವಿ ಜಾಲರಿ ದಾಟಿ ಹೊರಹೊದಿಕೆಗೆ ತಾಗಿ, ಅಲ್ಲೇ ಇಳಿದು ಮಣ್ಣು ಸೇರುತ್ತದೆ. ಎರಡು ಪದರ ಒಂದಕ್ಕೊಂದು ಅಂಟಿಕೊಂಡರೆ ಈ ಉಪಾಯ ಕೆಲಸ ಮಾಡುವುದಿಲ್ಲ, ಅದಕ್ಕೇ ಹೊರಹೊದಿಕೆಯ ಹಗ್ಗಗಳನ್ನು ಎಳೆದು ಗೂಟಕ್ಕೆ ಕಟ್ಟಬೇಕು. ಗಾಳಿ ಇಲ್ಲದ ರಾತ್ರಿಯಲ್ಲೂ ಕಟ್ಟಬೇಕು. ಮೇಲ್ಭಾಗದಲ್ಲಿ ಗಾಳಿಕಿಂಡಿ, ಕೆಳಗೆ ಎದುರುಬದುರು ಜಾಲರಿ ಇರುವ ಮಾದರಿ ಸಿಕ್ಕರೆ ಇನ್ನೂ ಉತ್ತಮ. ಚಳಿ ಎಂದು ಕಿಂಡಿಗಳನ್ನೆಲ್ಲ ಮುಚ್ಚಿದರೆ ಒಳಗೆಲ್ಲ ತೇವವಾಗಿ ಚಳಿ ಇಮ್ಮಡಿಯಾಗುತ್ತದೆ. ಕಿಂಡಿ ತೆರೆದು, ಮಕ್ಕಳಿಗೆ ಇನ್ನೊಂದು ಸ್ವೆಟರ್ ಹಾಕಿ.

ಗಾಳಿಯ ಮಾತು ಬಂದಾಗ ಬೆಂಕಿಯ ಮಾತನ್ನೂ ಆಡಲೇಬೇಕು. ಡೇರೆಯೊಳಗೆ ಏನನ್ನೂ ಉರಿಸಬಾರದು: ಕೆಂಡದ ಬಾಂಡಲೆ ಬೇಡ, ಗ್ಯಾಸ್ ಒಲೆ ಬೇಡ, ಮೇಣದ ಬತ್ತಿ ಬೇಡ, ನಮ್ಮವರು ಯೋಚಿಸದೆ ಹಚ್ಚುವ ಸೊಳ್ಳೆಬತ್ತಿಯೂ ಬೇಡ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಮುಚ್ಚಿದ ಜಾಗದಲ್ಲಿ ಉರಿಯಿಂದ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ರೆಸಾರ್ಟಿನ ಕೋಣೆಯೊಳಗೆ ಗ್ಯಾಸ್ ಹೀಟರ್ ಹಚ್ಚಿ ಮಲಗಿದ ಕೇರಳದ 8 ಪ್ರವಾಸಿಗರು ಏಳಲೇ ಇಲ್ಲ. ಅವರಲ್ಲಿ 4 ಮಕ್ಕಳಿದ್ದರು. ಅದು ಗೋಡೆ, ಕಿಟಕಿಗಳಿದ್ದ ಕೋಣೆ; ಡೇರೆ ಅದಕ್ಕಿಂತ ಎಷ್ಟೋ ಚಿಕ್ಕದು. ಬೆಳಕಿಗೆ ಬ್ಯಾಟರಿ ದೀಪ, ಸೊಳ್ಳೆಗೆ ಜಾಲರಿ. ಇವೆರಡು ಸಾಕು.

ಹಗಲಿನ ಬಿಸಿಲಿಗೂ ಇದೇ ಎಚ್ಚರ. ಬಯಲಲ್ಲಿ ನಿಂತ ಮುಚ್ಚಿದ ಡೇರೆ ಮಧ್ಯಾಹ್ನಕ್ಕೆ ಕಾದುಬಿಡುತ್ತದೆ. ಮಗುವಿಗೆ ನಿದ್ದೆ ಬಂದರೆ ಮರದಡಿ, ತರಗೆಲೆ ಗುಡಿಸಿದ ಜಾಗದಲ್ಲಿ ಚಾಪೆ ಹಾಸಿ ಮಲಗಿಸಿ, ಡೇರೆಯೊಳಗಲ್ಲ. ಬೆಳಕನ್ನು ಪೂರ್ತಿ ತಡೆಯುವ ಕಪ್ಪು ಲೇಪದ ಬಟ್ಟೆಯ ಡೇರೆಗಳೂ ಈಗ ಇವೆ, ಫ್ರಾನ್ಸಿನ ಡೆಕಾಥ್ಲಾನ್ ಕಂಪನಿಯ ‘ಫ್ರೆಶ್ ಆ್ಯಂಡ್ ಬ್ಲ್ಯಾಕ್’ ಅಂಥದ್ದು. ಒಳಗೆ ತಂಪು ತುಸು ಹೆಚ್ಚು, ಬೆಳಗ್ಗೆ ಸೂರ್ಯ ಬಂದರೂ ಕತ್ತಲಿರುವುದರಿಂದ ಮಕ್ಕಳು ಬೇಗ ಏಳುವುದಿಲ್ಲ. ಯುರೋಪಿನ ಬೇಸಿಗೆಯಲ್ಲಿ ನಸುಕಿಗೇ ಬೆಳಕಾಗುತ್ತದೆ, ಅಲ್ಲಿ ಇದು ವರ. ನಮ್ಮ ಚಳಿಗಾಲದ ಸೂರ್ಯ ಆರೂವರೆಯ ನಂತರ ಹುಟ್ಟುವವನು. ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಹನ್ನೆರಡು ಗಂಟೆಯ ಇರುಳು

ಸೂರ್ಯನ ಮಾತಿನಲ್ಲೇ ಇನ್ನೊಂದು ಅಡಗಿದೆ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಿನ ಅವಧಿ ಹನ್ನೆರಡು ಗಂಟೆಗೂ ಮಿಕ್ಕು. ಮಂಜು ಇಳಿಯತೊಡಗಿದ ಮೇಲೆ ಚಿಕ್ಕ ಮಕ್ಕಳನ್ನು ಹೊರಗೆ ಕೂರಿಸಲಾಗುವುದಿಲ್ಲ. ಅಂದರೆ ನಮ್ಮ ಮಕ್ಕಳು ಡೇರೆಯಲ್ಲಿ ಬರೀ ಮಲಗುವುದಿಲ್ಲ; ಉಣ್ಣುತ್ತಾರೆ, ಆಡುತ್ತಾರೆ, ಜಗಳವಾಡುತ್ತಾರೆ, ಕತೆ ಕೇಳುತ್ತಾರೆ. ಜಾಗದ ಲೆಕ್ಕವನ್ನು ಇದನ್ನೇ ಇಟ್ಟುಕೊಂಡು ಮಾಡಬೇಕು. ಇಬ್ಬರು ದೊಡ್ಡವರು, ಒಂದು ಮಗು ಇದ್ದರೆ ‘4 ಜನರ’ ಡೇರೆ. ಎರಡು ಮಕ್ಕಳಿದ್ದು ಇಬ್ಬರೂ ಆರರ ಒಳಗಿದ್ದರೆ, ಸಾಮಾನು ಕಾರಿನಲ್ಲೇ ಉಳಿದರೆ, ಅದೇ ಸಾಲುತ್ತದೆ. ಮಕ್ಕಳು ದೊಡ್ಡವರಾದರೆ ಅಥವಾ ಅಜ್ಜಿಯೂ ಹೊರಟರೆ, ದೊಡ್ಡದೊಂದರ ಬದಲು ಚಿಕ್ಕವೆರಡು ಕೊಳ್ಳುವುದು ಅನೇಕ ಸಲ ಅಗ್ಗ. ಅಜ್ಜಿಯ ಡೇರೆಗೆ ಒಬ್ಬ ಮೊಮ್ಮಗ ಹೇಗೂ ಹೋಗಿಯೇ ಹೋಗುತ್ತಾನೆ.

ಎತ್ತರದ ವಿಷಯದಲ್ಲಿ ಜನ ಸುಮ್ಮನೆ ಹಣ ಸುರಿಯುತ್ತಾರೆ. ದೊಡ್ಡವರು ನಿಲ್ಲುವಷ್ಟು ಎತ್ತರದ, ಮಲಗುವ ಕೋಣೆ, ಪಡಸಾಲೆ ಎರಡೂ ಇರುವ ಡೇರೆಗೆ ಹದಿನೈದರಿಂದ ಮೂವತ್ತು ಸಾವಿರದವರೆಗೂ, ಕೆಲವಕ್ಕೆ ಇನ್ನೂ ಹೆಚ್ಚು ಬೀಳುತ್ತದೆ. ನಡುವಿನಲ್ಲಿ 130 ಸೆಂ.ಮೀ. ಎತ್ತರವಿರುವ ಗುಮ್ಮಟದ ಡೇರೆ ಐದರಿಂದ ಹತ್ತು ಸಾವಿರದೊಳಗೆ ಸಿಗುತ್ತದೆ. ಐದು ವರ್ಷದ ಮಗುವಿನ ಎತ್ತರ ಸುಮಾರು 110 ಸೆಂ.ಮೀ. ಮಗು ನೆಟ್ಟಗೆ ನಿಂತು ಚಡ್ಡಿ ಹಾಕಿಕೊಳ್ಳುತ್ತದೆ, ಅಪ್ಪ ಅಮ್ಮ ಕೂತು ಸಹಾಯ ಮಾಡುತ್ತಾರೆ. ಸೊಂಟದ ನೋವಿರುವವರನ್ನು ಬಿಟ್ಟರೆ ಮಿಕ್ಕವರಿಗೆ ಇಷ್ಟು ಧಾರಾಳ.

ಎತ್ತರಕ್ಕೆ ಕೊಡುವ ಹಣವನ್ನು ಮುಂಗಟ್ಟಿಗೆ ಕೊಡಿ. ಹೊರಹೊದಿಕೆ ಬಾಗಿಲ ಮುಂದೆ ಚಾಚಿ ಜಗಲಿಯಷ್ಟು ಜಾಗ ಮಾಡಿರುತ್ತದಲ್ಲ, ಅದು. ಕೆಸರಿನ ಚಪ್ಪಲಿ, ನೀರಿನ ಕ್ಯಾನು ಅಲ್ಲಿರುತ್ತವೆ. ಇನ್ನೂ ಮುಖ್ಯವಾಗಿ, ರಾತ್ರಿ ಎರಡು ಗಂಟೆಗೆ ಮಗು ‘ಉಚ್ಚೆ ಬಂತು’ ಎಂದಾಗ ಅದನ್ನೆತ್ತಿಕೊಂಡು ಕತ್ತಲಲ್ಲಿ ನಡೆಯಬೇಕಾಗಿಲ್ಲ. ಮುಂಗಟ್ಟಿನಲ್ಲೇ ಮಕ್ಕಳ ಪಾಟ್ಟಿ ಇಟ್ಟರಾಯಿತು. ಚಿಕ್ಕ ಮಕ್ಕಳ ತಾಯಂದಿರು ಈ ಮಾತಿನ ಬೆಲೆ ಬಲ್ಲರು. ಎರಡು ಬಾಗಿಲಿನ ಡೇರೆಯಾದರೆ ಮಲಗಿದವರನ್ನು ದಾಟದೆ ಹೊರಹೋಗಬಹುದು. ಸಾಧ್ಯವಿದ್ದರೆ ಅದನ್ನೇ ಕೊಳ್ಳಿ.

ಡೇರೆಯ ಬೆಲೆ ಏರುವ ಇನ್ನೊಂದು ಕಾರಣ ಹಗುರ. ಹಿಮಾಲಯಕ್ಕೆ ಬೆನ್ನ ಮೇಲೆ ಹೊತ್ತೊಯ್ಯುವ ಡೇರೆಯಲ್ಲಿ ಅಲ್ಯೂಮಿನಿಯಂ ಕಡ್ಡಿ, ತೆಳು ನೈಲಾನ್. ಇಳಿಸಿದ ಒಂದೊಂದು ಗ್ರಾಮಿಗೂ ದುಡ್ಡು. ನಮ್ಮ ಡೇರೆ ಕಾರಿನ ಡಿಕ್ಕಿಯಲ್ಲಿ ಹೋಗುವುದು. ಐದಾರು ಕಿಲೋ ಇದ್ದರೇನು? ಫೈಬರ್‌ಗ್ಲಾಸ್ ಕಡ್ಡಿ, ಪಾಲಿಯೆಸ್ಟರ್ ಬಟ್ಟೆ ನಮಗೆ ಸಾಕು. ಪಾಲಿಯೆಸ್ಟರ್ ಒದ್ದೆಯಾದಾಗ ನೈಲಾನಿನಷ್ಟು ಜೋಲುವುದಿಲ್ಲ, ಬಿಸಿಲನ್ನೂ ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಫೈಬರ್‌ಗ್ಲಾಸ್ ಕಡ್ಡಿ ಸೀಳಿದರೆ ಮಾತ್ರ ಸಣ್ಣ ಚೂರುಗಳು ಕೈಗೆ ಚುಚ್ಚುತ್ತವೆ. ಕಡ್ಡಿ ಜೋಡಿಸುವ ಕೆಲಸ ಮಕ್ಕಳಿಗೆ ಬೇಡ, ಗೂಟ ಎಣಿಸಿ ಕೊಡುವ ಕೆಲಸ ಅವರಿಗಿರಲಿ.

ಎಸೆದರೆ ಬಿಚ್ಚಿಕೊಳ್ಳುವ ಡೇರೆಯ ಆಕರ್ಷಣೆ ನನಗೂ ಗೊತ್ತು. ಡೆಕಾಥ್ಲಾನ್‌ನದೇ ಕೆಚುವಾ ಬ್ರ್ಯಾಂಡಿನ ‘2 ಸೆಕೆಂಡ್ಸ್’ ಡೇರೆ 2005ರಲ್ಲಿ ಬಂದಾಗಿನಿಂದ ಆ ಬಗೆ ಜಗತ್ತಿನಲ್ಲೆಲ್ಲ ಹಬ್ಬಿದೆ. ಮಗು ಅಳುತ್ತಿರುವಾಗ ಬೇಗ ನಿಲ್ಲುವ ಡೇರೆ ದೊಡ್ಡ ಉಪಕಾರವೇ. ಆದರೆ ಮಡಿಸಿದಾಗ ಅದು ದೊಡ್ಡ ತಟ್ಟೆಯಾಗುತ್ತದೆ; ಚಿಕ್ಕ ಕಾರಿನ ಡಿಕ್ಕಿಗೆ ಹಿಡಿಸುವುದಿಲ್ಲ, ಬಸ್ಸಿನಲ್ಲಂತೂ ಸಾಧ್ಯವೇ ಇಲ್ಲ. ಎರಡು ಕಡ್ಡಿ ಅಡ್ಡಡ್ಡ ಹಾಯುವ ಗುಮ್ಮಟದ ಡೇರೆಯನ್ನು ಮನೆಯ ತಾರಸಿಯಲ್ಲಿ ನಾಲ್ಕು ಸಲ ಕಟ್ಟಿ ಬಿಚ್ಚಿದರೆ ಕಾಲು ಗಂಟೆಯೊಳಗೆ ನಿಲ್ಲಿಸುವ ಅಭ್ಯಾಸ ಆಗುತ್ತದೆ. ಅದಕ್ಕೆ ಇನ್ನೊಂದು ಗುಣವಿದೆ: ಗೂಟವಿಲ್ಲದೆಯೂ ನಿಲ್ಲುತ್ತದೆ. ರಾಮನಗರ, ಚಿತ್ರದುರ್ಗದ ಬಂಡೆಯ ಮೇಲೆ, ಕರಾವಳಿಯ ಮುರಕಲ್ಲಿನ ನೆಲದಲ್ಲಿ ಗೂಟ ಇಳಿಯುವುದಿಲ್ಲ, ಡೇರೆಯ ಜತೆ ಬರುವ ತೆಳು ಗೂಟ ಬಾಗಿಹೋಗುತ್ತದೆ. ಮರಳಿನಲ್ಲಿ ಇಳಿಯುತ್ತದೆ, ಆದರೆ ನಿಲ್ಲುವುದಿಲ್ಲ. ಅಲ್ಲಿ ಬಟ್ಟೆಯ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳಬೇಕು. ಸುರಂಗದಾಕಾರದ ದೊಡ್ಡ ಡೇರೆಗಳು ಗೂಟವಿಲ್ಲದೆ ನಿಲ್ಲುವುದೇ ಇಲ್ಲ. ಹಗ್ಗಗಳಿಗೆ ಬಿಳಿ ಬಟ್ಟೆಯ ಚಿಂದಿ ಕಟ್ಟಿಡಿ, ಓಡುವ ಮಕ್ಕಳು ಎಡವಿ ಬೀಳುವುದು ಅಲ್ಲೇ.

ಮಳೆಯ ಬಗ್ಗೆ ನನ್ನ ನಿಲುವು ನೇರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಚಿಕ್ಕ ಮಕ್ಕಳ ಜತೆ ಡೇರೆ ಹಾಕಬಾರದು. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆಯ ಮಳೆಯನ್ನು, ಅದರ ಜತೆ ಬರುವ ಇಂಬಳವನ್ನು ತಡೆಯುವ ಡೇರೆಗಾಗಿ ಹಣ ಸುರಿಯುವುದೂ ಬೇಡ. ನಾವು ಹೋಗುವ ನವೆಂಬರ್–ಫೆಬ್ರವರಿಯಲ್ಲಿ ಎದುರಾಗುವುದು ಇಬ್ಬನಿ, ಅಪರೂಪಕ್ಕೊಂದು ಮಳೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಯ ಹೂಮಳೆ. ಇದಕ್ಕೆ 1500 ಮಿ.ಮೀ. ಹೊರಹೊದಿಕೆ ಸಾಕು, ಆದರೆ ಹೊಲಿಗೆಗಳ ಒಳಬದಿಯಲ್ಲಿ ಪಾರದರ್ಶಕ ಪಟ್ಟಿ ಅಂಟಿಸಿರಬೇಕು. ಅಗ್ಗದ ಡೇರೆ ಸೋರುವುದು ಬಟ್ಟೆಯಲ್ಲಲ್ಲ, ಸೂಜಿ ಹೊಕ್ಕ ರಂಧ್ರದಲ್ಲಿ. ಕೊಂಡ ವಾರವೇ ತಾರಸಿಯಲ್ಲಿ ನಿಲ್ಲಿಸಿ ಪೈಪಿನಲ್ಲಿ ನೀರು ಬಿಟ್ಟು ನೋಡಿ, ಒಳಗೆ ಮಕ್ಕಳನ್ನೇ ಕೂರಿಸಿ; ಹನಿ ಎಲ್ಲಿ ಎಂದು ಅವರೇ ಕೂಗಿ ಹೇಳುತ್ತಾರೆ. ಸೋರಿದರೆ ಬದಲಿಸಿಕೊಳ್ಳಲು ಸಮಯ ಉಳಿದಿರುತ್ತದೆ. ಗುಡುಗು ಮಿಂಚು ಶುರುವಾದರೆ ಡೇರೆ ಆಸರೆಯಲ್ಲ, ಮಕ್ಕಳನ್ನೆತ್ತಿಕೊಂಡು ಕಾರಿಗೆ ಹೋಗಿ.

ಎಲ್ಲಿ ಹಾಕಬೇಕು

ನಮ್ಮ ನಾಡಿನಲ್ಲಿ ವರ್ಷದ ಬಹುಪಾಲು ಮಕ್ಕಳೊಂದಿಗೆ ಬಯಲಲ್ಲಿ ರಾತ್ರಿ ಕಳೆಯುವವರು ಬೆಳಗಾವಿ, ಬಾಗಲಕೋಟೆ, ಕೊಪ್ಪಳದ ಕಡೆಯ ಕುರಿಗಾಹಿ ಸಂಸಾರಗಳು. ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸಿ, ಒಂದು ತಾಡಪತ್ರಿ, ಒಂದೆರಡು ಕಂಬಳಿಯಲ್ಲಿ ಕೂಸುಗಳನ್ನು ಬೆಚ್ಚಗಿಡುತ್ತಾರೆ. ಅವರಿಗದು ಹವ್ಯಾಸವಲ್ಲ, ಬದುಕು. ಆ ಕಷ್ಟವನ್ನು ನಮ್ಮ ವಾರಾಂತ್ಯದ ಜತೆ ತೂಗಿ ನೋಡುವುದು ಸಲ್ಲದು. ಆದರೆ ಬಿಡಾರಕ್ಕೆ ಜಾಗ ಆರಿಸುವ ಅವರ ವಿವೇಕ ಯಾವ ಕಂಪನಿಯ ಕೈಪಿಡಿಯಲ್ಲೂ ಇಲ್ಲ. ಹಳ್ಳದ ಒಣಪಾತ್ರದಲ್ಲಿ ಮಲಗುವುದಿಲ್ಲ, ಮೇಲೆಲ್ಲೋ ಮಳೆಯಾದರೆ ಇಲ್ಲಿ ನೀರು ಬರುತ್ತದೆ. ತಗ್ಗು ಬಿಟ್ಟು ತುಸು ಏರಿನ ನೆಲ ಹಿಡಿಯುತ್ತಾರೆ, ಗಾಳಿಗೆ ಬೆನ್ನು ಕೊಡುತ್ತಾರೆ.

ಮಲೆನಾಡಿಗೂ ಕರಾವಳಿಗೂ ಇನ್ನಷ್ಟು ಸೇರಿಸಬೇಕು. ತೆಂಗಿನ ಮರದಡಿ ಬೇಡ. ಕಾಯಿ ಬೀಳುತ್ತದೆ, ಸೋಗೆಯೂ ಬೀಳುತ್ತದೆ. ತೋಟದಲ್ಲಿ ಒಣಗೊಂಬೆ ಇರುವ ಸಿಲ್ವರ್ ಓಕ್‌ನಡಿ ಬೇಡ. ಏಪ್ರಿಲ್ ಕಳೆದ ಮೇಲೆ ಹಲಸಿನ ಮರದ ಹತ್ತಿರವೂ ಬೇಡ. ಸಕಲೇಶಪುರ, ಆಲೂರು, ಕೊಡಗಿನ ತೋಟಗಳಿಗೆ ಆನೆ ಬರುವುದು ಹಲಸಿನ ವಾಸನೆ ಹಿಡಿದು. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ರೆಸಾರ್ಟಿನ ಡೇರೆಯಲ್ಲಿ ತಂಗಿದ್ದ ಯುವತಿಯನ್ನು ಆನೆ ಕೊಂದಿತು. ಡೇರೆಯ ಬಟ್ಟೆ ಆನೆಗೆ ತಡೆಯೇ ಅಲ್ಲ. ಮನೆಯ ಹತ್ತಿರದ ಕಣ, ಬೇಲಿಯೊಳಗಿನ ಅಂಗಳ, ಹೋಂಸ್ಟೇಯ ಹುಲ್ಲುಹಾಸು: ಚಿಕ್ಕ ಮಕ್ಕಳಿಗೆ ಇವೇ ತಕ್ಕ ಜಾಗ. ಶೌಚಾಲಯ ಹತ್ತಿರ, ಬಿಸಿನೀರು ಹತ್ತಿರ, ಜ್ವರ ಬಂದರೆ ಸೂರೂ ಹತ್ತಿರ. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡೇರೆ ಹಾಕುವುದು ಅಪರಾಧ ಎಂಬುದನ್ನೂ ಮರೆಯಬಾರದು. ತಿಂಡಿಯ ಪೊಟ್ಟಣ, ಬಾಳೆಹಣ್ಣು ಡೇರೆಯೊಳಗೆ ಇಡಬೇಡಿ. ಇರುವೆಯಿಂದ ಹಿಡಿದು ಹಂದಿಯವರೆಗೆ ಎಲ್ಲಕ್ಕೂ ವಾಸನೆ ತಿಳಿಯುತ್ತದೆ.

ಮಕ್ಕಳು ಡೇರೆಯನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಅನುಮಾನವಿದ್ದರೆ ಮೊದಲು ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಚಾರಣದ ಸಾಮಗ್ರಿ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್‌ನವರ ಭೀಮೇಶ್ವರಿ, ಕೆ. ಗುಡಿ ಶಿಬಿರಗಳಲ್ಲಿ ಮಂಚ ಹಾಕಿದ ಡೇರೆಗಳಿವೆ. ದರ ಕಡಿಮೆಯಲ್ಲ, ಆದರೆ ಬಟ್ಟೆಯ ಗೋಡೆಯೊಳಗೆ ಮಗು ನಿದ್ದೆ ಮಾಡುತ್ತದೆಯೇ ಎಂಬುದು ಅಲ್ಲಿ ಒಂದೇ ರಾತ್ರಿಗೆ ತಿಳಿಯುತ್ತದೆ. ಇದ್ಯಾವುದೂ ಆಗದಿದ್ದರೆ ನೆಂಟರ, ಗೆಳೆಯರ ಅಟ್ಟದಲ್ಲಿ ಒಂದು ಡೇರೆ ಇದ್ದೇ ಇರುತ್ತದೆ. ಕೇಳಿ ತಂದು, ಮನೆಯ ಹಾಲಿನಲ್ಲೇ ಹಾಕಿ ಒಂದು ರಾತ್ರಿ ಎಲ್ಲರೂ ಮಲಗಿ.

ಕೊಂಡ ಡೇರೆ ಬಾಳುವುದು ಹಿಂದಿರುಗಿದ ದಿನದ ಮೇಲೆ ನಿಂತಿದೆ. ಭಾನುವಾರ ರಾತ್ರಿ ಸುಸ್ತಾಗಿ ಮನೆಗೆ ಬಂದವರು ಇಬ್ಬನಿಯ ಒದ್ದೆಯಲ್ಲೇ ಚೀಲವನ್ನು ಮೂಲೆಗೆ ಹಾಕಿದರೆ, ನಮ್ಮ ತೇವದ ಹವೆಯಲ್ಲಿ ಒಂದೆರಡು ದಿನಕ್ಕೇ ಬೂಷ್ಟು ಹಿಡಿಯುತ್ತದೆ. ನೀರು ತಡೆಯುವ ಪಾಲಿಯುರಿಥೇನ್ ಲೇಪಕ್ಕೆ ತೇವವೇ ಶತ್ರು. ಕ್ರಮೇಣ ಅಂಟಂಟಾಗಿ, ಹುಳಿ ವಾಸನೆ ಬಂದು, ಪೊರೆಪೊರೆಯಾಗಿ ಏಳುತ್ತದೆ. ಆ ಸ್ಥಿತಿಗೆ ಬಂದದ್ದು ಮತ್ತೆ ಸರಿಯಾಗುವುದಿಲ್ಲ. ಅಂದೇ ರಾತ್ರಿ ಬಾಲ್ಕನಿಯ ಹಗ್ಗಕ್ಕೋ, ಕುರ್ಚಿಗಳ ಮೇಲೋ ಹರಡಿ. ವಾಷಿಂಗ್ ಮಷೀನಿಗೆ ಹಾಕಬೇಡಿ, ಸೋಪಿನ ಪುಡಿ ಬೇಡ, ತಣ್ಣೀರಿನ ಒದ್ದೆಬಟ್ಟೆಯಲ್ಲಿ ಒರೆಸಿದರಾಯಿತು. ಒಣಗಿದ ಮೇಲೆ ಅದರ ಬಿಗಿಚೀಲಕ್ಕೆ ತುರುಕದೆ ಹಳೆಯ ದಿಂಬಿನ ಚೀಲದಲ್ಲಿ ಸಡಿಲವಾಗಿ ಇಡಿ.

ಜಿಪ್ಪು ಬಿಗಿಯಾದರೆ ಮೇಣದ ಬತ್ತಿಯ ತುಂಡಿನಿಂದ ಉಜ್ಜಿದರೆ ಸಾಕು. ಜಿಪ್ಪು ಪೂರ್ತಿ ಕೆಟ್ಟರೆ ಡೇರೆ ಎಸೆಯಬೇಕಿಲ್ಲ, ಯಾವ ಊರಿನ ಬ್ಯಾಗ್ ರಿಪೇರಿಯವರೂ ಹೊಸದು ಹೊಲಿದುಕೊಡುತ್ತಾರೆ. ಜಾಲರಿ ಹರಿದರೆ ಹಳೆಯ ಸೊಳ್ಳೆಪರದೆಯ ತೇಪೆ, ಕಡ್ಡಿಯೊಳಗಿನ ಎಲಾಸ್ಟಿಕ್ ಹಗ್ಗ ಸಡಿಲವಾದರೆ ಬದಲಿ. ಕಡ್ಡಿ ಸೀಳಿದರೆ ಅದರ ಮೇಲೆ ಸರಿಸಿ ಕೂರಿಸುವ ಲೋಹದ ಕೊಳವೆ ಬರುತ್ತದೆ, ಕೊಳ್ಳುವಾಗಲೇ ಒಂದು ಕೇಳಿ ಇಟ್ಟುಕೊಳ್ಳಿ. ಹೀಗೆ ನೋಡಿಕೊಂಡರೆ ಏಳೆಂಟು ಸಾವಿರದ ಡೇರೆ ಚಿಕ್ಕ ಮಗು ಹೈಸ್ಕೂಲು ಸೇರುವ ತನಕ ಬರುತ್ತದೆ.